ಸೆರೆಯ ಕಾವಲು, ಕಾವಲಿನ ಸಂಬಳ

ಕೊಡೈಕಾನಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ನಕ್ಷತ್ರಾಕಾರದ ಕೆರೆ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ, ಹಗಲಿನಲ್ಲಿಯೇ ದಾರಿಯನ್ನು ಮುಚ್ಚುವ ಮಂಜು. ಈ ಗಿರಿನಗರ ಒಮ್ಮೆ ಸೆರೆಮನೆಯೂ ಆಗಿತ್ತೆಂಬುದನ್ನು ಬಲ್ಲವರು ಕಡಮೆ. ಕಾಶ್ಮೀರದ ನಾಯಕರಾದ ಶೇಖ್ ಅಬ್ದುಲ್ಲಾ ಅವರನ್ನು 1965ರ ಮೇ ತಿಂಗಳಲ್ಲಿ ಬಂಧಿಸಿ, ಮೊದಲು ಉದಕಮಂಡಲದಲ್ಲಿಯೂ ಅನಂತರ ಕೊಡೈಕಾನಲಿನ ಕೋಹಿನೂರ್ ಎಂಬ ಬಂಗಲೆಯಲ್ಲಿಯೂ ಇರಿಸಿದ್ದರು. ಅವರಿಗೆ ಪೂರ್ಣ ಬಿಡುಗಡೆ ದೊರೆತುದು 1968ರ ಜನವರಿಯಲ್ಲಿ. ಸೆರೆಯಾದವರ ಹೆಸರನ್ನು ಚರಿತ್ರೆ ಬರೆದಿಟ್ಟಿತು. ಆದರೆ ಏಳು ಸಾವಿರ ಅಡಿ ಎತ್ತರದಲ್ಲಿ, ಮಂಜು ಕವಿಯುವ ರಾತ್ರಿಗಳಲ್ಲಿ, ಆ ಬಂಗಲೆಯ ಬಾಗಿಲಲ್ಲಿ ನಿಂತಿದ್ದ ಕಾವಲುಗಾರನ ಹೆಸರು ಯಾರಿಗೂ ಬೇಕಾಗಲಿಲ್ಲ. ಅವನ ಸಂಬಳ ಎಷ್ಟೆಂದು ಕೇಳುವವರಂತೂ ಇರಲೇ ಇಲ್ಲ.

ಇದೇನು, ಸಂಬಳದ ಮಾತನ್ನು ಚರಿತ್ರೆಯೊಳಗೆ ಎಳೆದು ತಂದಿರಿ ಎಂದು ವಾಚಕರು ಆಕ್ಷೇಪಿಸಬಹುದು. ಸಂಬಳವೆಂಬುದು ಲೆಕ್ಕಪತ್ರದವರ ಕೆಲಸವೆಂದು ನಾವೂ ಮೊದಲು ತಿಳಿದಿದ್ದೆವು. ವಿಚಾರಿಸುತ್ತ ಹೋದಂತೆ ನಮಗೆ ಮನವರಿಕೆಯಾದುದು ಇಷ್ಟು: ಸೆರೆಮನೆಯ ಅಧಿಕಾರಿಗೆ ರಾಜ್ಯವು ನ್ಯಾಯವಾದ ಸಂಬಳವನ್ನು ಕೊಡದಿದ್ದರೆ, ಆ ಸಂಬಳವನ್ನು ಕೊಡುವವನು ಸೆರೆಯಾಳು. ಹಣದಿಂದಲೋ ಹಸಿವಿನಿಂದಲೋ ಬೆನ್ನಿನ ಮೇಲಿನ ಬಾಸುಂಡೆಯಿಂದಲೋ ಅವನು ಅದನ್ನು ತೆತ್ತೇ ತೀರುತ್ತಾನೆ.

ನಮ್ಮ ದೇಶದಲ್ಲಿ ಈ ವಿಚಾರ ಹೊಸದಲ್ಲ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂದೊಪ್ಪಿಸಿದ ತಾಳೆಯೋಲೆಯ ಕಟ್ಟಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಆ ಗ್ರಂಥದಲ್ಲಿ ರಾಜಸೇವಕರ ವೇತನದ ಪಟ್ಟಿಯೊಂದಿದೆ. ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣ. ಇಳಿಯುತ್ತ ಬಂದು, ಇಲಾಖೆಗಳ ಅಧ್ಯಕ್ಷರೆಲ್ಲರಿಗೆ ಸಾಮಾನ್ಯವಾಗಿ 1,000 ಪಣ. ಕಟ್ಟಕಡೆಯ ಆಳಿಗೆ 60 ಪಣ. ವಿದ್ಯೆಯನ್ನೂ ಮಾಡಿದ ಕೆಲಸವನ್ನೂ ನೋಡಿ ವೇತನದಲ್ಲಿ ವಿಶೇಷವನ್ನು ಮಾಡಬೇಕೆಂದೂ ಅಲ್ಲಿ ಹೇಳಿದೆ. ಅನುಭವಕ್ಕೆ ಬೆಲೆಯಿರಬೇಕೆಂಬ ತತ್ತ್ವ ಇದೇ ಅಲ್ಲವೆ?

ಅದೇ ಗ್ರಂಥದ ಬೇರೊಂದೆಡೆ ಬಂಧನಾಗಾರದ ಅಧ್ಯಕ್ಷನಿಗೆ ವಿಧಿಸಬೇಕಾದ ದಂಡಗಳು ಬರುತ್ತವೆ. ಕಾರಣವನ್ನು ತಿಳಿಸದೆ ಒಬ್ಬನನ್ನು ಸೆರೆಯಲ್ಲಿಟ್ಟರೆ 24 ಪಣ, ಅನ್ಯಾಯವಾಗಿ ಹಿಂಸಿಸಿದರೆ 48, ಅನ್ನನೀರನ್ನು ತಡೆದರೆ 96, ಹೊಡೆದು ಕೊಂದರೆ 1,000 ಪಣ. ವೇತನದ ಪಟ್ಟಿಯಲ್ಲಿ ಈ ಅಧಿಕಾರಿಯನ್ನು ಬೇರೆಯಾಗಿ ಹೆಸರಿಸಿಲ್ಲ. ಅವನೂ ಅಧ್ಯಕ್ಷರ ಗುಂಪಿನಲ್ಲಿ ಸೇರಿದವನೆಂದು ನಾವು ಊಹಿಸುವುದಾದರೆ, ಒಬ್ಬ ಸೆರೆಯಾಳಿನ ಪ್ರಾಣ ಹೋದರೆ ಅಧಿಕಾರಿಯ ಪೂರ್ಣ ವೇತನವೇ ಹೋಗುತ್ತದೆ. ಕೊಡುವ ಕೈಯೇ ಕೇಳುವ ಕೈಯೂ ಆಗಿರಬೇಕೆಂಬುದನ್ನು ಕೌಟಿಲ್ಯನು ಚೆನ್ನಾಗಿ ಬಲ್ಲವನಾಗಿದ್ದನು.

ಇನ್ನು ಕೊಡೈಕಾನಲ್ ಬೆಟ್ಟದ ತಪ್ಪಲಿಗೆ ಇಳಿಯೋಣ. ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ಲಿನ ಸೀಮೆಯಲ್ಲಿಯೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಒಕ್ಕಲಿಗ ಕುಟುಂಬಗಳು ಇಂದಿಗೂ ಇವೆ. ದಿಂಡಿಗಲ್ಲಿಗೆ ಮೈಸೂರಿನ ನಂಟು ಹಳೆಯದು. 1755ರಲ್ಲಿ ಹೈದರ್ ಅಲಿ ಇಲ್ಲಿಯ ಫೌಜುದಾರನಾದನು. ಅವನ ಏಳಿಗೆ ಆರಂಭವಾದುದು ಈ ಬಂಡೆಯ ಕೋಟೆಯಿಂದಲೇ. ಕೋಟೆಯನ್ನು ನೋಡಲು ಹೋದವರಿಗೆ ಈಗಲೂ ಅಲ್ಲಿಯ ಸೆರೆಕೋಣೆಗಳನ್ನು ತೋರಿಸುತ್ತಾರೆ. ಆ ಕಾಲದ ಸಂಬಳದ ರೀತಿಯನ್ನು ಕುರಿತು ಇತಿಹಾಸಕಾರ ವಿಲ್ಕ್ಸ್ ಒಂದು ಪ್ರಸಂಗವನ್ನು ಹೇಳುತ್ತಾನೆ. ಗಾಯಗೊಂಡ ಸಿಪಾಯಿಗಳಿಗೆ ಗುಣವಾಗುವ ತನಕ ವಿಶೇಷ ಭತ್ಯ ಸಲ್ಲುತ್ತಿತ್ತು. ನಿಜವಾಗಿ ಗಾಯಗೊಂಡವರು 67 ಮಂದಿ. ಹೈದರನು ಅರಿಸಿನ ಬಣ್ಣದ ಪಟ್ಟಿಗಳನ್ನು ಕಟ್ಟಿಸಿ ಸುಮಾರು 700 ಮಂದಿಯನ್ನು ಲೆಕ್ಕಕ್ಕೆ ನಿಲ್ಲಿಸಿದನಂತೆ! ನಗು ತರಿಸುವ ಕಥೆಯಾದರೂ ಪಾಠ ಸಣ್ಣದಲ್ಲ. ಸಂಬಳವು ನಿಯಮಕ್ಕೆ ಒಳಪಡದೆ ದಳಪತಿಯ ಜಾಣ್ಮೆಗೆ ಒಳಪಟ್ಟಿದ್ದ ಕಾಲವದು.

ಸುಮಾರು ಅದೇ ಕಾಲದಲ್ಲಿ ಇಂಗ್ಲೆಂಡಿನ ಸ್ಥಿತಿ ಇದಕ್ಕಿಂತ ಶೋಚನೀಯವಾಗಿತ್ತು. ಅಲ್ಲಿ ಅನೇಕ ಜೈಲರುಗಳಿಗೆ ಸಂಬಳವೆಂಬುದೇ ಇರಲಿಲ್ಲ. ಸೆರೆಯಾಳುಗಳಿಂದ ವಸೂಲುಮಾಡಿದ ಶುಲ್ಕವೇ ಅವರ ಜೀವನ. ನ್ಯಾಯಾಲಯವು ನಿರಪರಾಧಿಯೆಂದು ಬಿಟ್ಟವನನ್ನೂ ಶುಲ್ಕ ಕೊಡಲಿಲ್ಲವೆಂದು ಜೈಲರು ಮತ್ತೆ ಒಳಗೆ ದೂಡುತ್ತಿದ್ದನು. 1773ರಲ್ಲಿ ಬೆಡ್‌ಫರ್ಡ್ ಪ್ರಾಂತದ ಷೆರೀಫನಾದ ಜಾನ್ ಹೋವರ್ಡನು ಇದನ್ನು ಕಣ್ಣಾರೆ ಕಂಡು, ಶುಲ್ಕಕ್ಕೆ ಬದಲಾಗಿ ಜೈಲರಿಗೆ ಸಂಬಳ ಕೊಡಿರೆಂದು ಪ್ರಾಂತದ ನ್ಯಾಯಾಧಿಪತಿಗಳನ್ನು ಬೇಡಿದನು. ಹಾಗೆ ಕೊಟ್ಟ ಪೂರ್ವನಿದರ್ಶನವುಂಟೆ ಎಂದು ಅವರು ಕೇಳಿದರು. ನಿದರ್ಶನವನ್ನು ಹುಡುಕಲು ಕುದುರೆಯೇರಿ ನೆರೆಯ ಪ್ರಾಂತಗಳಿಗೆ ಹೊರಟವನು ಎಲ್ಲೆಲ್ಲಿಯೂ ಅದೇ ಅನ್ಯಾಯವನ್ನೇ ಕಂಡನು. 1774ರಲ್ಲಿ ಬಿಡುಗಡೆಯಾದವರ ಶುಲ್ಕವನ್ನು ರದ್ದುಮಾಡುವ ಶಾಸನವಾಯಿತು. 1777ರಲ್ಲಿ ಹೋವರ್ಡನ ಪ್ರಸಿದ್ಧ ಗ್ರಂಥ ಹೊರಬಂದಿತು. ಸೆರೆಮನೆಗಳ ಸುಧಾರಣೆಯ ಮಹಾಪ್ರವಾಹಕ್ಕೆ ಮೂಲವಾದುದು ಒಬ್ಬ ಜೈಲರಿನ ಸಂಬಳದ ಪ್ರಶ್ನೆ!

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ದಿಂಡಿಗಲ್ಲು ಇಂಗ್ಲಿಷರ ವಶವಾಯಿತು. ಮುಂದೆ ಅವರು ಮಾಡಿದ 1894ರ ಸೆರೆಮನೆಗಳ ಶಾಸನದಲ್ಲಿ ಜೈಲರಿನ ಕರ್ತವ್ಯಗಳು ವಿವರವಾಗಿವೆ. ಮೇಲಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಅವನು ಸೆರೆಮನೆಯ ಹೊರಗೆ ವಾಸಿಸುವಂತಿಲ್ಲ. ಅನುಮತಿಯಿಲ್ಲದೆ ಒಂದು ರಾತ್ರಿಯೂ ಹೊರಗಿರುವಂತಿಲ್ಲ. ಕೆಳಗಿನ ನೌಕರರು ಕರ್ತವ್ಯ ತಪ್ಪಿದರೆ 200 ರೂಪಾಯಿಗಳವರೆಗೆ ಜುಲ್ಮಾನೆ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಎರಡು ತಿಂಗಳ ಮುನ್ಸೂಚನೆ ಕೊಡದೆ ಕೆಲಸ ಬಿಟ್ಟರೂ ಅದೇ ಶಿಕ್ಷೆ. ಕಾವಲುಗಾರನೂ ಅರ್ಧ ಸೆರೆಯಾಳೇ ಎಂದರೆ ತಪ್ಪಾಗಲಾರದು.

ಅಷ್ಟರಲ್ಲಿಯೂ ಖರ್ಚನ್ನು ತಗ್ಗಿಸಲು ಸರ್ಕಾರ ಒಂದು ಉಪಾಯವನ್ನು ಕಂಡುಕೊಂಡಿತ್ತು. ಶಿಕ್ಷೆಯ ಒಂದು ಭಾಗವನ್ನು ಸನ್ನಡತೆಯಿಂದ ಕಳೆದ ಸೆರೆಯಾಳನ್ನು ರಾತ್ರಿ ಕಾವಲುಗಾರನನ್ನಾಗಿ, ಆಮೇಲೆ ಮೇಲ್ವಿಚಾರಕನನ್ನಾಗಿ, ಕೊನೆಗೆ ವಾರ್ಡರನನ್ನಾಗಿ ಬಡ್ತಿ ಕೊಟ್ಟು ಉಳಿದ ಸೆರೆಯಾಳುಗಳ ಮೇಲೆ ನೇಮಿಸುವುದು. ಇಂಥವರನ್ನು ಸಾರ್ವಜನಿಕ ನೌಕರರೆಂದು ಎಣಿಸಬೇಕೆಂದು ಅದೇ ಶಾಸನದ 23ನೆಯ ಕಲಮು ಹೇಳುತ್ತದೆ. ಅವರಿಗೆ ದೊರೆಯುತ್ತಿದ್ದ ಮುಖ್ಯ ಪ್ರತಿಫಲ ಶಿಕ್ಷೆಯ ದಿನಗಳಲ್ಲಿ ಕಡಿತ. ಸೆರೆಯಲ್ಲಿ ಕಳೆದ ವರ್ಷಗಳೇ ಅನುಭವ, ಸೆರೆಯಿಂದ ತಪ್ಪುವ ದಿನಗಳೇ ಸಂಬಳ! ಸಂಬಳವಿಲ್ಲದ ಅಧಿಕಾರವು ದರ್ಪವನ್ನೇ ಸಂಬಳವಾಗಿ ಪಡೆಯುವುದರಲ್ಲಿ ಆಶ್ಚರ್ಯವೇನು?

ಈ ದೋಷವನ್ನು ಬಲ್ಲವರು ಬಹಳ ಹಿಂದೆಯೇ ಎಚ್ಚರಿಸಿದ್ದರು. ಸರ್ ಅಲೆಗ್ಸಾಂಡರ್ ಕಾರ್ಡ್ಯೂ ಅವರ ಅಧ್ಯಕ್ಷತೆಯ 1919-20ರ ಸಮಿತಿಯು, ಅಪರಾಧಿಗಳ ಪಾಲನೆಯನ್ನು ತಕ್ಕ ಶಿಕ್ಷಣ ಪಡೆದವರಿಗೇ ವಹಿಸಬೇಕೆಂದು ಹೇಳಿತು. ನ್ಯಾಯಮೂರ್ತಿ ಎ. ಎನ್. ಮುಲ್ಲಾ ಅವರ ಸಮಿತಿಯು 1983ರಲ್ಲಿ, ಸೆರೆಮನೆಯ ನೌಕರರ ವೇತನವು ಪೊಲೀಸರ ವೇತನಕ್ಕೆ ಸಮನಾಗಿರಬೇಕೆಂದು ಸಲಹೆಮಾಡಿತು. 1979ರಲ್ಲಿ ವೇಲೂರಿನಲ್ಲಿ ಸ್ಥಾಪಿತವಾದ ತರಬೇತಿ ಸಂಸ್ಥೆಯಲ್ಲಿ ಕರ್ನಾಟಕದ ಅಧಿಕಾರಿಗಳೂ ತಮಿಳುನಾಡಿನ ಅಧಿಕಾರಿಗಳೂ ಒಟ್ಟಿಗೆ ಕಲಿಯುತ್ತಾರೆ. ಕಲಿಯುವ ಪಾಠ ಒಂದೇ. ಆದರೆ ಪಡೆಯುವ ಸಂಬಳ ಒಂದೇ ಅಲ್ಲ. ಏಕೆಂದರೆ ಸಂವಿಧಾನವು ಸೆರೆಮನೆಗಳನ್ನು ರಾಜ್ಯಗಳ ಪಟ್ಟಿಯಲ್ಲಿರಿಸಿದೆ.

ಪ್ರಕೃತ ಸ್ಥಿತಿಯನ್ನು ವಿದ್ಯಾರ್ಥಿಗಳಿಗಾಗಿ ಸ್ಥೂಲವಾಗಿ ಹೇಳುತ್ತೇವೆ. ತಮಿಳುನಾಡಿನ 2022ರ ನೇಮಕ ಪ್ರಕಟಣೆಗಳಂತೆ ವಾರ್ಡರನ ಮೂಲವೇತನ 18,200 ರೂಪಾಯಿಗಳಿಂದಲೂ, ಅವರ ಮೇಲ್ವಿಚಾರಣೆ ಮಾಡುವ ಸಹಾಯಕ ಜೈಲರನ ಮೂಲವೇತನ 35,400 ರೂಪಾಯಿಗಳಿಂದಲೂ ಆರಂಭವಾಗುತ್ತದೆ. ವರ್ಷಕ್ಕೆ ನೂರಕ್ಕೆ ಮೂರರಂತೆ ಹೆಚ್ಚಳ. ಹತ್ತು ಹೆಚ್ಚಳಗಳಾದಾಗ ಸಹಾಯಕ ಜೈಲರನು ಸುಮಾರು 47,600 ರೂಪಾಯಿಗಳನ್ನೂ, ವಾರ್ಡರನು ಸುಮಾರು 24,500 ರೂಪಾಯಿಗಳನ್ನೂ ಮುಟ್ಟುತ್ತಾರೆ. ಹತ್ತು ವರ್ಷ ದುಡಿದ ವಾರ್ಡರನ ವೇತನ ಹೊಸದಾಗಿ ಬಂದ ಸಹಾಯಕ ಜೈಲರನ ವೇತನಕ್ಕಿಂತ ಹತ್ತು ಸಾವಿರಕ್ಕೂ ಮಿಕ್ಕಿ ಕಡಮೆ. ಅನುಭವಕ್ಕೆ ಬೆಲೆಯುಂಟು, ಪದವಿಗೆ ಅದಕ್ಕಿಂತ ಹೆಚ್ಚಿನ ಬೆಲೆಯುಂಟು ಎಂದಾಯಿತು.

ಗಡಿಯಾಚೆಯ ಅಂಕಿಗಳನ್ನು ಇದಕ್ಕೆ ಹೋಲಿಸುವಾಗ ಎಚ್ಚರ ಬೇಕು. ಕರ್ನಾಟಕದಲ್ಲಿ ಸರ್ಕಾರಿ ನೌಕರರ ಕನಿಷ್ಠ ಮೂಲವೇತನವು 2024ರ ಆಗಸ್ಟ್ 1ರಿಂದ 17,000ದಿಂದ 27,000 ರೂಪಾಯಿಗಳಿಗೆ ಏರಿತು. ಈ ಏರಿಕೆಯಲ್ಲಿ ನೂರಕ್ಕೆ 31ರಷ್ಟು ತುಟ್ಟಿಭತ್ಯವೇ ಮೂಲವೇತನದಲ್ಲಿ ಸೇರಿಕೊಂಡುದು, ನೂರಕ್ಕೆ 27.5ರಷ್ಟು ಮಾತ್ರ ಹೊಸ ಹೆಚ್ಚಳ. ಅಂಕಿಯನ್ನು ನೋಡಿದರೆ ಸಾಲದು, ಅಂಕಿಯ ಒಳಗನ್ನೂ ನೋಡಬೇಕು.

ಸ್ಥಳದ ಭೇದವಿರುವುದು ಭತ್ಯಗಳಲ್ಲಿ. ಒಂದೇ ದರ್ಜೆಯ ಇಬ್ಬರು ನೌಕರರ ಮೂಲವೇತನ ಒಂದೇ ಆದರೂ ನಗರದ ದರ್ಜೆಯನ್ನನುಸರಿಸಿ ಮನೆಬಾಡಿಗೆಯ ಭತ್ಯ ಬೇರೆಯಾಗುತ್ತದೆ. ತಮಿಳುನಾಡಿನಲ್ಲಿ ಬೆಟ್ಟದ ಊರುಗಳ ನೌಕರರಿಗೆ ಬೆಟ್ಟದ ಭತ್ಯ, ಚಳಿಗಾಲದ ಭತ್ಯ ಎಂಬವು ಪ್ರತ್ಯೇಕವಾಗಿಯೇ ಇವೆ. ಕೊಡೈಕಾನಲಿನಲ್ಲಿ ಅನ್ನದ ಅಕ್ಕಿಯೂ ಬತ್ತಲಗುಂಡಿನ ಘಾಟಿಯನ್ನು ಹತ್ತಿ ಬರಬೇಕು. ಕಂಬಳಿಯಿಲ್ಲದೆ ರಾತ್ರಿಯನ್ನು ಕಳೆಯುವಂತಿಲ್ಲ. ಕಂಬಂ ಕಣಿವೆಯ ಗದ್ದೆಗಳ ನಡುವೆ ಬಾಳುವವನಿಗೂ ಬೆಟ್ಟದ ಮೇಲೆ ಕಾಯುವವನಿಗೂ ಸಮಾನವಾದ ಹಣವನ್ನು ಕೊಟ್ಟರೆ ಅದು ಸಮಾನತೆಯಲ್ಲ. ಚಳಿಯೂ ದೂರವೂ ಮನುಷ್ಯನಿಂದ ತೆರಿಗೆಯನ್ನು ಎತ್ತುತ್ತವೆ. ಭತ್ಯವೆಂಬುದು ಆ ತೆರಿಗೆಯ ಮರುಪಾವತಿ, ಉಪಕಾರವಲ್ಲ.

ಸೆರೆಮನೆಗಳನ್ನು ಈಗ ಸುಧಾರಣಾಲಯಗಳೆಂದು ಕರೆಯುತ್ತೇವೆ. ಹೆಸರು ಬದಲಾದುದು ಸಂತೋಷ. ಆದರೆ ಮನುಷ್ಯನನ್ನು ತಿದ್ದಬೇಕಾದವನಿಗೆ ಬೀಗದ ಕಾವಲುಗಾರನ ಬೆಲೆಯನ್ನು ಮಾತ್ರ ಕೊಟ್ಟರೆ, ಅವನು ಬೀಗವನ್ನು ಮಾತ್ರ ಕಾಯುತ್ತಾನೆ. ಉಪಾಧ್ಯಾಯರಿಗೆ ಈ ಮಾತನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ದೂರದ ಹಳ್ಳಿಯ ಶಾಲೆಗೆ ವರ್ಗವಾಗಿ ಹೋದವರೆಲ್ಲರೂ ಸ್ಥಳವೆಂದರೇನು, ಅನುಭವವೆಂದರೇನು ಎಂಬುದನ್ನು ಬಲ್ಲರು. ಮುಂದೆ ಕೊಡೈಕಾನಲಿಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಕೆರೆಯನ್ನು ನೋಡಲಿ, ಹೂವನ್ನು ನೋಡಲಿ. ಮಂಜಿನಲ್ಲಿ ಮರೆಯಾಗಿ ನಿಂತಿದ್ದ ಆ ಹೆಸರಿಲ್ಲದ ಕಾವಲುಗಾರನನ್ನೂ ಒಂದು ಕ್ಷಣ ನೆನೆಯಲಿ.