ಕೀಳದೆ ತಂದ ಹೂವು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಬೆಳಗಾದರೆ ಹೊಲಿಗೆ ಯಂತ್ರಗಳ ಸದ್ದು. ಬಳ್ಳಾರಿ ಜೀನ್ಸ್ ಎಂದು ನೀವು ಹಾಕಿಕೊಳ್ಳುವ ಪ್ಯಾಂಟಿನ ಜೇಬೋ ಪಟ್ಟಿಯೋ ಇಲ್ಲೇ ಎಲ್ಲೋ ಹೊಲಿದದ್ದಿರಬಹುದು. ನಾನು ಹೊಲಿಗೆಯವನಲ್ಲ, ಮದುವೆ, ಸೀಮಂತ, ನಾಮಕರಣದ ಫೋಟೊ ತೆಗೆದು ಹೊಟ್ಟೆ ಹೊರೆಯುವವನು. ಆಷಾಢದಲ್ಲಿ, ಆಮೇಲೆ ಪಿತೃಪಕ್ಷದಲ್ಲಿ ಆರ್ಡರ್ ಇರುವುದಿಲ್ಲ. ಮಳೆ ಹಿಡಿದ ಸಂಡೂರು ಗುಡ್ಡಗಳಲ್ಲಿ ಹೂ ಬಿಡುವುದೂ ಆ ದಿನಗಳಲ್ಲೇ. ಮಂಟಪದ ಕೊನೆಯಲ್ಲಿ ನಿಂತು ತಾಳಿ ಕಟ್ಟುವುದನ್ನು ತೆಗೆಯಲೆಂದು ಕೊಂಡ 70–300ರ ಟೆಲಿ ಲೆನ್ಸು ಆಗ ಹೂವಿನ ಕಡೆ ತಿರುಗುತ್ತದೆ.

ಈ ಬಜಾರು ಹುಟ್ಟಿದ್ದೇ ದಂಡಿನಿಂದ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಬಳ್ಳಾರಿಯಲ್ಲಿ ಸೈನ್ಯ ನೆಲೆ ನಿಂತಿತು, ಸೈನ್ಯದ ಹಿಂದೆ ವ್ಯಾಪಾರಸ್ಥರು ಬಂದರು. ಹೂವಿನ ಚಿತ್ರದ ಚರಿತ್ರೆಯೂ ಅದೇ ದಂಡಿನ ಜೊತೆ ಬಂತು ಎಂಬುದು ಊರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. 1834ರಲ್ಲಿ ರಾಬರ್ಟ್ ವೈಟ್ ಎಂಬ ಸ್ಕಾಟ್ಲೆಂಡಿನ ವೈದ್ಯ 33ನೇ ಪದಾತಿ ಪಡೆಯ ಸರ್ಜನ್ ಆಗಿ ಬಳ್ಳಾರಿಗೆ ಬಂದ. ಕಸುಬು ಸಿಪಾಯಿಗಳ ಗಾಯಕ್ಕೆ ಪಟ್ಟಿ ಕಟ್ಟುವುದು, ಹುಚ್ಚು ಗಿಡಗಳದ್ದು. ಪಡೆ ಇಲ್ಲಿಂದ ತಮಿಳುನಾಡಿನ ಪಾಳಯಂಕೋಟೆಗೆ ಸುಮಾರು 700 ಮೈಲಿ ನಡೆದಾಗ ಆತನೂ ಜೊತೆಗೆ ನಡೆದ, ದಾರಿಯುದ್ದಕ್ಕೂ ಗಿಡ ಕಿತ್ತು ಕಾಗದದ ನಡುವೆ ಒತ್ತಿಟ್ಟುಕೊಳ್ಳುತ್ತ.

ಒತ್ತಿದ ಹೂವಿನ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ವೈಟ್ ಚಿತ್ರಕಾರರನ್ನು ಇಟ್ಟುಕೊಂಡಿದ್ದ. ಮೊದಲು ರಂಗಯ್ಯ, ಆಮೇಲೆ ಗೋವಿಂದು. 1838ರಿಂದ 1853ರವರೆಗೆ ಹೊರಬಂದ ಆತನ ‘ಐಕೋನ್ಸ್’ ಗ್ರಂಥದ ಆರು ಸಂಪುಟಗಳಲ್ಲಿ 2101 ಚಿತ್ರಗಳಿವೆ. ಅವುಗಳಲ್ಲಿ ಬಹುಪಾಲು ಈ ಇಬ್ಬರ ಕೈಕೆಲಸ. ಗೋವಿಂದುವಿನ ಹೆಸರನ್ನು ವೈಟ್ ಒಂದು ಸೀತಾಳೆ ಕುಲಕ್ಕೇ ಇಟ್ಟ. ದೊಡ್ಡ ಮನಸ್ಸು, ಒಪ್ಪೋಣ. ಆದರೂ ಪುಸ್ತಕದ ಮುಖಪುಟದಲ್ಲಿ ಚಿತ್ರಕಾರರ ಹೆಸರು ವೈಟನ ಹೆಸರಿನಷ್ಟು ದಪ್ಪ ಅಕ್ಷರದಲ್ಲಿ ಇರಬೇಕಿತ್ತು ಅನ್ನುವವನು ನಾನು.

ಕ್ಯಾಮೆರಾ ಬಂದದ್ದೂ ದಂಡಿನವರ ಹೆಗಲ ಮೇಲೇ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೊ ತೆಗೆದ. ಮೇಣ ಹಚ್ಚಿದ ಕಾಗದವೇ ಆಗ ನೆಗೆಟಿವ್. ಒಂದೊಂದೂ ಹೆಚ್ಚುಕಡಿಮೆ ದಿನಪತ್ರಿಕೆಯ ಪುಟದಷ್ಟು. ಒಂದು ಫೋಟೊಕ್ಕೆ ನಿಮಿಷಗಟ್ಟಲೆ ಬೆಳಕು ಕುಡಿಸಬೇಕು. ಕಲ್ಲಿನ ರಥ ಅಲುಗಾಡದೆ ನಿಲ್ಲುತ್ತದೆ, ಬಳ್ಳಾರಿ ಸೀಮೆಯ ಗಾಳಿಗೆ ಯಾವ ಹೂ ನಿಂತೀತು? ನಿಂತಿದ್ದರೂ ಆ ಕಾಗದಕ್ಕೆ ಕಾಣುತ್ತಿದ್ದುದು ನೀಲಿ ಬೆಳಕು ಮಾತ್ರ. ಹಳದಿ, ಕೆಂಪು ಅದರ ಪಾಲಿಗೆ ಕತ್ತಲು. ರಸ್ತೆ ಬದಿಯಲ್ಲಿ ಹಳದಿ ಉರಿಯುವ ತಂಗಡಿ ಅದರಲ್ಲಿ ಕಪ್ಪಗೆ ಬೀಳುತ್ತಿತ್ತು, ನೀಲಕುರಿಂಜಿ ಬೆಳ್ಳಗೆ. ಹಂಪಿಯ ಬಂಡೆಗಳಿಗೆ ಅಷ್ಟು ಒಪ್ಪುವ ವಿದ್ಯೆ ಹೂವಿಗೆ ಮಾತ್ರ ಒದಗಲಿಲ್ಲ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣದ ದ್ರಾವಣ ಸೇರಿಸಿ ಹಸಿರನ್ನೂ ಹಿಡಿಯಬಹುದೆಂದು ತೋರಿಸಿದ. ಕೆಂಪು ಒಲಿಯಲು ಇನ್ನೂ ಮೂರು ದಶಕ ಬೇಕಾಯಿತು.

ಟೆಲಿ ಲೆನ್ಸಿನ ಹುಟ್ಟು 1891ರದ್ದು. ಲಂಡನ್ನಿನ ಥಾಮಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅದನ್ನು ಮಾಡಿದರು. ಮುಂದೆ ಉಬ್ಬು ಗಾಜು, ಹಿಂದೆ ತಗ್ಗು ಗಾಜು. ಉದ್ದ ಕೊಳವೆಯಿಲ್ಲದೆ ದೂರದ್ದು ದೊಡ್ಡದಾಗಿ ಕಾಣುವ ಉಪಾಯ ಇಷ್ಟೇ. ಬೇಟೆಯ ಬಂದೂಕಿನ ಜಾಗಕ್ಕೆ ಅದು ಬಂದು ಕೂತದ್ದು ಮುಂದಿನ ಕಥೆ.

ಆ ಕಥೆಯಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ಪಾಲಿದೆ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆ ಜನರಿಗೆ ಗೊತ್ತಿರುವುದು ದೇವರಾಜ ಅರಸರ ಸಂಪುಟದ ಹಣಕಾಸು ಸಚಿವರಾಗಿ, ಪಂಚಾಯತ್ ರಾಜ್‌ನ ಮಾತಿನಲ್ಲಿ. ಫೋಟೊ ತೆಗೆಯುವ ನಮ್ಮಂಥವರಿಗೆ ಅವರು ಆನೆಯ ಎದುರು ಕಾಯುವ ತಾಳ್ಮೆಯ ಮನುಷ್ಯ. ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಅವರ ಪುಸ್ತಕ 1983ರಲ್ಲಿ ಬಂತು. ಪ್ರಾಣಿಯನ್ನು ಬೆದರಿಸದೆ, ಅದರ ಪಾಡಿಗೆ ಅದನ್ನು ಬಿಟ್ಟು ನೋಡುವುದು ಅವರ ದಾರಿ. ಆ ನಡವಳಿಕೆಯನ್ನು ಹೂವಿನ ಮುಂದೆಯೂ ತೋರಬಹುದು ಅನ್ನುವುದಷ್ಟೇ ನನ್ನ ವಾದ. ವೈಟ್ ಕಿತ್ತು ತಂದ, ರಂಗಯ್ಯ ಕಿತ್ತದ್ದನ್ನು ಮುಂದಿಟ್ಟುಕೊಂಡು ಬರೆದ. ಟೆಲಿ ಬಂದ ಮೇಲೆ ಹೂವನ್ನು ಅದರ ಮಣ್ಣು, ಮುಳ್ಳು, ನೊಣದ ಸಮೇತ ಇದ್ದಲ್ಲೇ ಬಿಟ್ಟು ತರುವಂತಾಯಿತು.

ಗೌರಿ ಹೂವನ್ನೇ ನೋಡಿ, ಪೇಟೆಯವರು ಅಗ್ನಿಶಿಖೆ ಅನ್ನುತ್ತಾರೆ. ಮುಳ್ಳುಬೇಲಿಯ ಒಳಗೆ ಎಲೆಯ ತುದಿಯನ್ನೇ ಕುಡಿಯಾಗಿ ಸುತ್ತಿ ಹತ್ತುತ್ತದೆ. ಕೈ ಹಾಕುವಂತಿಲ್ಲ. ಮೊಣಕಾಲೂರಿ, ಲೆನ್ಸನ್ನು 300ಕ್ಕೆ ಎಳೆದು, ಎಫ್ 5.6ರಲ್ಲಿ ನೋಡಿದರೆ ಬೇಲಿ ಕರಗಿ ಮಂಜಾಗುತ್ತದೆ, ಹಿಂದಿನ ಮಸಾರಿ ನೆಲ ಬರೀ ಕೆಂಪು ಪರದೆ. ಉಳಿಯುವುದು ಆರು ದಳ. ಬುಡದಲ್ಲಿ ಹಳದಿ, ತುದಿಗೆ ಕೆಂಪು, ಅಂಚು ನಿರಿಗೆ ನಿರಿಗೆ, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆದ್ದಿವೆ. ಕೇಸರಗಳು ಸುತ್ತಲೂ ಚಾಚಿವೆ. ನಡುವಿನ ಶಲಾಕೆ ಮಾತ್ರ ತನ್ನ ಬುಡದಲ್ಲೇ ಕಟ್ಟಿಗೆ ಮುರಿದಂತೆ ಪಕ್ಕಕ್ಕೆ ತಿರುಗಿ ನಿಂತಿರುತ್ತದೆ. ಈ ತಿರುವು ಕಾಣಬೇಕಾದರೆ ಪಕ್ಕದಿಂದಲೇ ತೆಗೆಯಬೇಕು. ಮೇಲಿನಿಂದ ತೆಗೆದವರದ್ದು ಬರೀ ಬೆಂಕಿ.

1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ನೋಡಬೇಕಾದರೆ ಸೆಪ್ಟೆಂಬರಿನಲ್ಲಿ ನೋಡಿ ಎಂದರಂತೆ. ಊರಿನವರು ಇದನ್ನು ಇಂದಿಗೂ ಹೇಳುತ್ತಾರೆ. ಕುಮಾರಸ್ವಾಮಿ ಬೆಟ್ಟದ ಸುತ್ತ, ಹಿಂದೆ ದಂಡಿನ ಗೋರಾ ಸಿಪಾಯಿಗಳು ಹವಾ ಬದಲಾವಣೆಗೆ ಹೋಗುತ್ತಿದ್ದ ರಾಮನದುರ್ಗದ ಕಡೆ, ಮಾತು ಸುಳ್ಳಲ್ಲ ಅನ್ನಿಸುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಪಶ್ಚಿಮ ಘಟ್ಟ ಬಿಟ್ಟು ಇಷ್ಟು ಒಳನಾಡಿನ ಈ ಗುಡ್ಡಗಳಿಗೂ ಬಂದು ನಿಂತಿದೆ. ಅದೇ ಗುಡ್ಡಗಳಲ್ಲಿ ಅದಿರೂ ಇದೆ ಎಂಬುದು ಅವುಗಳ ಹಣೆಬರಹ. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಘೋರ್ಪಡೆಯವರು ತೀರಿಕೊಂಡದ್ದೂ ಅದೇ ವರ್ಷ ಅಕ್ಟೋಬರಿನಲ್ಲಿ. ಗಣಿ ಮತ್ತೆ ಶುರುವಾಗಿ ಎಷ್ಟೋ ವರ್ಷವಾಯಿತು. ಬೇಲಿಯಾಚೆಯ ಇಳಿಜಾರಿನ ಹೂವಿಗೆ ನನ್ನ ಹತ್ತಿರ ಇರುವ ದಾರಿ ಲೆನ್ಸೊಂದೇ.

ಲಾರಿ ಓಡಾಡುವ ರಸ್ತೆಯ ತಂಗಡಿ ಹೂವಿನ ಮೇಲೆ ಅದಿರಿನ ಕೆಂಪು ದೂಳು ಕೂತಿರುತ್ತದೆ. ಕ್ಯಾಲೆಂಡರ್ ಅಚ್ಚು ಹಾಕಿಸುವವರು ಕಂಪ್ಯೂಟರಿನಲ್ಲಿ ಅದನ್ನು ಒರೆಸಿ ಕೊಡಿ ಎನ್ನುತ್ತಾರೆ. ಮದುಮಗಳ ಮೊಡವೆ ಒರೆಸಿಕೊಡುತ್ತೇನೆ, ಅದು ಕಸುಬು. ಇದನ್ನು ಒರೆಸುವುದಿಲ್ಲ. ವೈಟನಂಥವರು ಒತ್ತಿದ ಗಿಡದ ಹಾಳೆಗೆ ಚೀಟಿ ಅಂಟಿಸುತ್ತಿದ್ದ ಹಾಗೆ ಪ್ರತಿ ಫೋಟೊದ ಕೆಳಗೂ ಹೂವಿನ ಹೆಸರು, ಜಾಗ, ತಿಂಗಳು ಬರೆದಿಡುತ್ತೇನೆ. ಇಂಥವಕ್ಕೆ ‘ದೂಳು ಸಮೇತ’ ಎಂದೂ ಸೇರಿಸುತ್ತೇನೆ.