ಜಪಾನಿನ ಮೂರು ಪೆಟ್ಟಿಗೆ, ನಮ್ಮ ಹತ್ತು ರಾಗ

‘ಡಿಸ್ಕೊ’ ಅಂದರೆ ನಮ್ಮ ಕಡೆ ಇವತ್ತಿಗೂ ಮಿಥುನ್ ಚಕ್ರವರ್ತಿಯೇ ನೆನಪಾಗೋದು. ‘ಡಿಸ್ಕೊ ಡ್ಯಾನ್ಸರ್’ ಬಂದದ್ದು 1982ರಲ್ಲಿ. ಅದೇ ವರ್ಷ ಮುಂಬೈಯಲ್ಲಿ ಇನ್ನೊಬ್ಬರು ಸದ್ದಿಲ್ಲದೆ ಇನ್ನೊಂದು ಡಿಸ್ಕೊ ಮಾಡಿದರು. ಅದರಲ್ಲಿ ಹಾಡುಗಾರರಿಲ್ಲ, ತಬಲಾ ಇಲ್ಲ, ಪಿಟೀಲು ಇಲ್ಲ. ಒಬ್ಬರೇ ಮನುಷ್ಯ, ಮೂರು ಜಪಾನಿ ಯಂತ್ರ, ಹತ್ತು ರಾಗ. ಎಚ್‌ಎಂವಿ ಕಂಪನಿ ಅದನ್ನು ದೊಡ್ಡ ಕಪ್ಪು ರೆಕಾರ್ಡಾಗಿ ಹೊರತಂದಿತು. ಯಾರೂ ಕೊಳ್ಳಲಿಲ್ಲ. ಸುಮಾರು ಮೂವತ್ತು ವರ್ಷವಾದ ಮೇಲೆ ಯುರೋಪಿನ ಹುಡುಗರು ಅದೇ ರೆಕಾರ್ಡಿಗೆ ಕುಣಿದರು.

ಆ ಮನುಷ್ಯನ ಹೆಸರು ಚರಣಜಿತ್ ಸಿಂಗ್. ರೆಕಾರ್ಡಿನ ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಡಿಸ್ಕೊ ತಾಳಕ್ಕೆ ಹತ್ತು ರಾಗ ಅಂತ ಇಟ್ಟುಕೊಳ್ಳಿ.

ಈ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಅವರ ಕೈಚಳಕ ಖಂಡಿತ ಕೇಳಿದ್ದೀರಿ. ಸಿನಿಮಾ ಸಂಗೀತದಲ್ಲಿ ‘ಸೆಷನ್ ಮ್ಯೂಸಿಷಿಯನ್’ ಅಂತ ಒಂದು ಜಾತಿಯ ಕೆಲಸಗಾರರಿದ್ದಾರೆ. ಸ್ಟುಡಿಯೋಕ್ಕೆ ಬಂದು ಹೇಳಿದ್ದನ್ನು ನುಡಿಸಿ, ಆ ದಿನದ ದುಡ್ಡು ತಗೊಂಡು ಹೋಗುವವರು. 1971ರ ‘ಹರೇ ರಾಮ ಹರೇ ಕೃಷ್ಣ’ದಲ್ಲಿ ಆಶಾ ಭೋಸ್ಲೆ ಹಾಡಿದ ‘ದಮ್ ಮಾರೋ ದಮ್’ ಇದೆಯಲ್ಲ, ಅದರಲ್ಲಿ ಅಮಲು ಏರಿಸುವ ಹಾಗೆ ಎಳೆಯುವ ಒಂದು ದನಿಯಿದೆ. ಅದು ಟ್ರಾನ್ಸಿಕಾರ್ಡ್ ಎಂಬ ಎಲೆಕ್ಟ್ರಾನಿಕ್ ವಾದ್ಯ. ನುಡಿಸಿದವರು ಚರಣಜಿತ್ ಸಿಂಗ್. ಹಾಡು ಆರ್.ಡಿ. ಬರ್ಮನ್ ಅವರದು ಅಂತ ಎಲ್ಲರಿಗೂ ಗೊತ್ತು, ಆ ದನಿ ಯಾರದು ಅಂತ ಕ್ಯಾಸೆಟ್ಟಿನ ಮೇಲೆ ಬರೆಯುತ್ತಿರಲಿಲ್ಲ. (ಹೆಸರಿಲ್ಲದೆ ಅಚ್ಚಾಗುವ ಕೆಲಸದ ರುಚಿ ನಮ್ಮಂಥ ಜಿಲ್ಲಾ ಸ್ಟ್ರಿಂಗರ್‌ಗಳಿಗೂ ಗೊತ್ತು. ಅದಕ್ಕೇ ಈ ಕಥೆ ನನ್ನನ್ನು ಹಿಡಿದದ್ದು ಇರಬೇಕು.)

ಸ್ಟುಡಿಯೋ ಕೆಲಸದ ಜೊತೆಗೆ ಅವರದೊಂದು ಆರ್ಕೆಸ್ಟ್ರಾ ಇತ್ತು. ಮದುವೆ, ಪಾರ್ಟಿಗಳಲ್ಲಿ ನುಡಿಸುತ್ತಿದ್ದರು. ಹೆಂಡತಿ ಸುಪರ್ಣಾ ಅವರೂ ಜೊತೆಗಿದ್ದರು. ಹೊಸ ವಾದ್ಯ ಬಂದರೆ ಬಿಡುವ ಮನುಷ್ಯ ಅಲ್ಲ. ಹಾಗೆ ಸಿಂಗಪುರದಲ್ಲಿ ರೋಲಂಡ್ ಕಂಪನಿಯ ಮೂರು ಪೆಟ್ಟಿಗೆ ಕೊಂಡರು: ಜುಪಿಟರ್-8 ಎಂಬ ಕೀಬೋರ್ಡು, ಟಿಆರ್-808 ಎಂಬ ಡ್ರಮ್ ಯಂತ್ರ, ಟಿಬಿ-303 ಎಂಬ ಪುಟ್ಟ ಬೇಸ್ ಯಂತ್ರ.

ಈ ಮೂರನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಇಡೀ ಕಥೆ ಇದರ ಸುತ್ತಲೇ ಇದೆ. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಪಕ್ಕದಲ್ಲಿ ಬೇಸ್ ನುಡಿಸುವವನು ಇಲ್ಲದಿದ್ದರೆ ಈ ಯಂತ್ರ ನುಡಿಸಲಿ ಎಂಬುದು ಕಂಪನಿಯ ಲೆಕ್ಕ. ನಮ್ಮಲ್ಲಿ ಸಂಗೀತ ಪಾಠಕ್ಕೆ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಆದರೆ ಅದರ ದನಿ ನಿಜವಾದ ಬೇಸ್ ಗಿಟಾರಿನ ಹತ್ತಿರಕ್ಕೂ ಬರಲಿಲ್ಲ. ಸ್ವರ ತುಂಬುವುದೂ ತಲೆನೋವು. ಸುಮಾರು 10,000 ತಯಾರಿಸಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಮಿಕ್ಕವು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು.

ಸೋತ ಈ ಯಂತ್ರದಲ್ಲಿ ಎರಡು ವಿಶೇಷ ಇದ್ದವು. ಒಂದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ. ಹಾರ್ಮೋನಿಯಂ ಮನೆಗಳಲ್ಲಿ ಸ್ವರ ಒಂದೊಂದೇ ಮೆಟ್ಟಿಲು, ನಡುವೆ ಜಾರಲಿಕ್ಕೆ ಆಗುವುದಿಲ್ಲ. ಆದರೆ ರಾಗದ ಜೀವ ಇರುವುದೇ ಆ ಜಾರಿಕೆಯಲ್ಲಿ. ಹಿಂದುಸ್ತಾನಿಯವರು ಅದಕ್ಕೆ ಮೀಂಡ್ ಅನ್ನುತ್ತಾರೆ. ಇನ್ನೊಂದು ವಿಶೇಷ, ಗುಂಡಿ ತಿರುಗಿಸುತ್ತ ಹೋದರೆ ದನಿ ಮುಚ್ಚಿದ ಬಾಯಿಂದ ತೆರೆದ ಬಾಯಿಗೆ ಬಂದ ಹಾಗೆ ಬದಲಾಗುವುದು. ಒಮ್ಮೆ ಗೊಣಗು, ಒಮ್ಮೆ ಕಿರುಚು. ಜಪಾನಿನ ಎಂಜಿನಿಯರುಗಳು ರಾಗಕ್ಕೆಂದು ಇದನ್ನು ಮಾಡಿರಲಿಲ್ಲ. ಸಿನಿಮಾ ಸ್ಟುಡಿಯೋದಲ್ಲಿ ಪಳಗಿದ ಕಿವಿಗೆ ಅದು ತಕ್ಷಣ ಹೊಳೆಯಿತು.

ಆಗ ಡಿಸ್ಕೊ ಗಾಳಿ ಜೋರಾಗಿ ಬೀಸುತ್ತಿತ್ತು. ಅದನ್ನು ಎಬ್ಬಿಸಿದವರಲ್ಲಿ ನಮ್ಮವರೂ ಒಬ್ಬರು: ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು. ಅವರು ಇಂಗ್ಲೆಂಡಿಗೆ ಹೋಗಿ 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಎಂಬ ಹಾಡಿನಿಂದ ಜಗತ್ತನ್ನೇ ಕುಣಿಸಿದವರು. 1980ರ ‘ಕುರ್ಬಾನಿ’ ಚಿತ್ರಕ್ಕೆ ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್ ಕೈಯಲ್ಲಿ ಹಾಡಿಸಿದರು, ಮರುವರ್ಷ ‘ಡಿಸ್ಕೊ ದೀವಾನೆ’ ತಂದರು. ಆಮೇಲೆ ಬಾಂಬೆಯ ಸಂಗೀತ ನಿರ್ದೇಶಕರಿಗೆ ಡಿಸ್ಕೊ ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.

ಎಲ್ಲರೂ ಡಿಸ್ಕೊ ಮಾಡುತ್ತಿದ್ದಾರೆ, ನಾನು ಬೇರೆ ಏನಾದರೂ ಮಾಡಬೇಕು ಅನ್ನಿಸಿತು ಎಂದು ಚರಣಜಿತ್ ಸಿಂಗ್ ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡರು. ತಬಲಾ ತೆಗೆದುಬಿಟ್ಟು, ರಾಗ ಇಟ್ಟುಕೊಂಡು, ಡಿಸ್ಕೊ ತಾಳ ಹಾಕಿದರೆ ಹೇಗೆ? ಲೆಕ್ಕ ಇಷ್ಟೇ. 808 ತಾಳ ಹಾಕುತ್ತದೆ, 303 ಅದರ ಲಯಕ್ಕೆ ಕಟ್ಟಿಕೊಂಡು ಬೇಸ್ ಓಡಿಸುತ್ತದೆ, ಮೇಲೆ ಜುಪಿಟರ್ ಮೇಲೆ ಬೆರಳು ಆಡಿಸುತ್ತ ಇವರು ರಾಗ ಬಿಡಿಸುತ್ತಾರೆ. ಎರಡೇ ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು.

ರೆಕಾರ್ಡಿನ ಒಂದು ಬದಿಗೆ ಐದು: ಭೈರವಿ, ಲಲಿತ್, ಭೂಪಾಲಿ, ತೋಡಿ, ಮಧುವಂತಿ. ಇನ್ನೊಂದು ಬದಿಗೆ ಮೇಘ್ ಮಲ್ಹಾರ್, ಯಮನ್, ಕಲಾವತಿ, ಮಾಲ್ಕೌಂಸ್, ಬೈರಾಗಿ. ಧಾರವಾಡ, ಗದಗ ಕಡೆಯವರಿಗೆ ಇವು ಮನೆಮಾತು. ಕರ್ನಾಟಕ ಸಂಗೀತ ಬಲ್ಲವರು ಭೂಪಾಲಿಯನ್ನು ಮೋಹನ, ಯಮನ್ ಅನ್ನು ಕಲ್ಯಾಣಿ, ಮಾಲ್ಕೌಂಸ್ ಅನ್ನು ಹಿಂದೋಳ ಅಂತ ಹೆಚ್ಚುಕಡಿಮೆ ಗುರುತಿಸಬಹುದು. ಲಲಿತ್ ನಸುಕಿನ ರಾಗ, ಯಮನ್ ಸಂಜೆಯದು, ಮಾಲ್ಕೌಂಸ್ ನಡುರಾತ್ರಿಯದು. ಇವನ್ನೆಲ್ಲ ಒಂದೇ ಕುಣಿತದ ತಾಳಕ್ಕೆ ಕಟ್ಟಿ, ತಲಾ ಐದು ನಿಮಿಷದಲ್ಲಿ ಮುಗಿಸಿದ್ದಾರೆ. ಆಲಾಪದಲ್ಲೇ ಅರ್ಧ ಗಂಟೆ ಕಳೆಯುವ ಗುರುಗಳು ಕೇಳಿದರೆ ಏನಂದಾರು ಅಂತ ಯೋಚಿಸಿ ನಗು ಬರುತ್ತದೆ. ಆದರೆ ಕೇಳಿನೋಡಿ, ರಾಗ ಎಲ್ಲೂ ಕೆಟ್ಟಿಲ್ಲ. ಸ್ವರ ತಪ್ಪಿಲ್ಲ. ಸಿನಿಮಾದವರು ರಾಗದ ಹೆಸರು ಹೇಳಿ ಏನೋ ನುಡಿಸುತ್ತಾರಲ್ಲ, ಅಂಥದ್ದಲ್ಲ ಇದು.

ಸಿನಿಮಾ ಹಾಡೂ ಅಲ್ಲ, ಶಾಸ್ತ್ರೀಯವೂ ಅಲ್ಲ, ಅಂಗಡಿಯವರು ಯಾವ ಸಾಲಿನಲ್ಲಿ ಇಟ್ಟಾರು? ಮೇಲಾಗಿ ಆಗ ಕ್ಯಾಸೆಟ್ ಬಂದುಬಿಟ್ಟಿತ್ತು. ಮದುವೆಗೆ ಕಹಳೆ ಸ್ಪೀಕರ್ ಕಟ್ಟುತ್ತಿದ್ದ ಮೈಕ್‌ಸೆಟ್‌ನವರೂ ಗೀರು ಬೀಳುವ ರೆಕಾರ್ಡು ಬಿಟ್ಟು ಟೇಪಿಗೆ ಹೋದ ಕಾಲ. ರೆಕಾರ್ಡು ಮೂಲೆ ಸೇರಿತು. ಸಿಂಗ್ ಮತ್ತೆ ತಮ್ಮ ಮದುವೆ ಆರ್ಕೆಸ್ಟ್ರಾಕ್ಕೆ ಹೋದರು.

ಈಗ ಅಮೆರಿಕದ ಶಿಕಾಗೊ. ಅಲ್ಲಿ ಕರಿಯ ಸಮುದಾಯದ ಹುಡುಗರು ಕ್ಲಬ್ಬುಗಳಲ್ಲಿ ‘ಹೌಸ್’ ಎಂಬ ಕುಣಿತದ ಸಂಗೀತ ಕಟ್ಟುತ್ತಿದ್ದರು. ಫ್ಯೂಚರ್ ಎಂಬ ಮೂವರ ತಂಡದ ಕೈಗೆ ಹಳೆಯ 303 ಒಂದು ಸಿಕ್ಕಿತು. ಗುಂಡಿಗಳನ್ನು ಮನಬಂದಂತೆ ತಿರುಗಿಸಿದರು. ಹೊರಟ ದನಿಯನ್ನೇ ರೆಕಾರ್ಡ್ ಮಾಡಿದರು. ರಾನ್ ಹಾರ್ಡಿ ಎಂಬ ಡಿಜೆ ತನ್ನ ಕ್ಲಬ್ಬಿನಲ್ಲಿ ಹಾಕಿದಾಗ ಮೊದಲು ಜನ ಕಕ್ಕಾಬಿಕ್ಕಿಯಾದರು. ಆತ ಅದೇ ರಾತ್ರಿ ಮತ್ತೆ ಮತ್ತೆ ಹಾಕಿದ, ಕೊನೆಗೆ ಎಲ್ಲರೂ ಹುಚ್ಚೆದ್ದು ಕುಣಿದರು. 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಹೆಸರಿನಲ್ಲಿ ಅದು ಹೊರಬಂತು. ಆಸಿಡ್ ಹೌಸ್ ಎಂಬ ಬಗೆಗೆ ಹೆಸರು ಸಿಕ್ಕಿದ್ದು ಹಾಗೆ. ಬ್ರಿಟನ್ನಿನಲ್ಲಿ ಅದು ಕಾಡ್ಗಿಚ್ಚಾಯಿತು.

2002ರಲ್ಲಿ ಎಡೋ ಬೌಮನ್ ಎಂಬ ಡಚ್ ರೆಕಾರ್ಡ್ ಸಂಗ್ರಾಹಕ ದಿಲ್ಲಿಯಲ್ಲಿ ಹಳೆಯ ರೆಕಾರ್ಡು ಹುಡುಕುತ್ತಿದ್ದಾಗ ಸಿಂಗ್ ಅವರ ಎಲ್‌ಪಿ ಸಿಕ್ಕಿತು. ಕೇಳಿದರೆ ಅದೇ ಆಸಿಡ್ ದನಿ, ಆದರೆ ತಾರೀಖು ಶಿಕಾಗೊಗಿಂತ ಐದು ವರ್ಷ ಹಿಂದಿನದು! ಆತ ಮುಂಬೈಗೆ ಹೋಗಿ ಸಿಂಗ್ ಅವರನ್ನು ಕಂಡರು. 2010ರಲ್ಲಿ ‘ಬಾಂಬೆ ಕನೆಕ್ಷನ್’ ಎಂಬ ತಮ್ಮ ಸಣ್ಣ ಸ್ವತಂತ್ರ ಕಂಪನಿಯಿಂದ ಅದನ್ನು ಮತ್ತೆ ಕಪ್ಪು ರೆಕಾರ್ಡಿನಲ್ಲೇ ತಂದರು.

ಆಗ ಎರಡು ಬಗೆಯ ಮಾತು ಹುಟ್ಟಿದವು. ಕೆಲವರು ನಂಬಲೇ ಇಲ್ಲ. ಇದು ಯಾರೋ ಈಗಿನವರು ಹಳೆಯ ಕವರ್ ಹಾಕಿ ಮಾಡಿದ ತಮಾಷೆ ಅಂದರು. ಇನ್ನು ಕೆಲವರು, ಅದರಲ್ಲೂ ನಮ್ಮ ದೇಶದವರು, ಆಸಿಡ್ ಹೌಸ್ ಕಂಡುಹಿಡಿದದ್ದೇ ಭಾರತೀಯ ಅಂತ ಎದೆತಟ್ಟಿಕೊಂಡರು. ಮೊದಲನೆಯದು ಸುಳ್ಳು. ಎರಡನೆಯದನ್ನೂ ನಾನು ಒಪ್ಪುವುದಿಲ್ಲ. ಶಿಕಾಗೊದ ಹುಡುಗರು ಈ ರೆಕಾರ್ಡು ಕೇಳಿರಲಿಲ್ಲ, ಸಿಂಗ್ ಅವರಿಗೆ ಶಿಕಾಗೊ ಗೊತ್ತಿರಲಿಲ್ಲ. ಒಂದೇ ಯಂತ್ರದಿಂದ ಇಬ್ಬರು ಬೇರೆ ಬೇರೆ ಬೆಳೆ ತೆಗೆದರು. ಸಿಂಗ್ ಅವರಿಗೆ ‘ಪಿತಾಮಹ’ ಪಟ್ಟ ಕಟ್ಟುವ ಭರದಲ್ಲಿ ಆ ಬಡ ಕರಿಯ ಹುಡುಗರ ಹೆಸರು ಅಳಿಸಿದರೆ, ನಮ್ಮ ಸೆಷನ್ ವಾದಕರಿಗೆ ಆದದ್ದೇ ಅವರಿಗೂ ಆಗುತ್ತದೆ. ಸ್ವತಃ ಸಿಂಗ್ ಅವರಿಗೂ ಆಸಿಡ್ ಹೌಸ್ ಮಾಡುವ ಉದ್ದೇಶವೇನೂ ಇರಲಿಲ್ಲ. ಅವರ ಪಾಲಿಗೆ ಅದು ರಾಗ ಮತ್ತು ಡಿಸ್ಕೊ.

ಎಪ್ಪತ್ತು ದಾಟಿದ ಮೇಲೆ ಅವರು ಯುರೋಪಿಗೆ ಹೋಗಿ ವೇದಿಕೆ ಮೇಲೆ ಈ ರಾಗಗಳನ್ನು ಮತ್ತೆ ನುಡಿಸಿದರು. 2015ರ ಜುಲೈಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಅವರಿಗೆ 74 ವರ್ಷ.

ಯೂಟ್ಯೂಬಿನಲ್ಲಿ ಸಿಗುತ್ತದೆ. ಮೊದಲು ಭೈರವಿ ಕೇಳಿ, ಆಮೇಲೆ ಮೇಘ್ ಮಲ್ಹಾರ್. ಇಯರ್‌ಫೋನ್ ಹಾಕಿಕೊಂಡೇ ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ 303ರ ಕೆಳದನಿ ಅರ್ಧಕ್ಕರ್ಧ ಕೇಳಿಸುವುದಿಲ್ಲ.