ಮಿಷನ್ ಮನೆಯ ದಿನಚರಿ: ಶಿವಮೊಗ್ಗ–ಭದ್ರಾವತಿ ಪರಿಸರದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಶಿವಮೊಗ್ಗ ಜಿಲ್ಲೆಯ ಪ್ರಾಚೀನ ಇತಿಹಾಸವನ್ನು ಅಭ್ಯಸಿಸುವವರು ಮೊದಲು ಕೈಗೆತ್ತಿಕೊಳ್ಳುವುದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳನ್ನು. 1902 ಮತ್ತು 1904ರಲ್ಲಿ ಪ್ರಕಟವಾದ ಈ ಸಂಪುಟಗಳ ಸಂಪಾದಕರಾದ ಬಿ.ಎಲ್. ರೈಸ್ ಅವರು ಬೆಂಗಳೂರಿನ ಮಿಷನರಿ ದಂಪತಿಗಳ ಮಗನಾಗಿ 1837ರಲ್ಲಿ ಜನಿಸಿದರು ಎಂಬ ಸಂಗತಿ ಸುಪರಿಚಿತವಾದುದು. ಆದರೆ ಆ ದಂಪತಿಗಳ ಮನೆಯೊಳಗಿನ ದಿನಚರಿ ಎಂತಹುದು, ಅದಕ್ಕೂ ನಾಡಿನ ಇತಿಹಾಸಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗೆ ನಮ್ಮ ಬರಹಗಳಲ್ಲಿ ದೊರೆತಿರುವ ಸ್ಥಾನ ಅಲ್ಪ. ಮಿಷನರಿಗಳ ಇತಿಹಾಸವೆಂದರೆ ನಿಘಂಟು, ಮುದ್ರಣಾಲಯ ಮತ್ತು ಮತಾಂತರಗಳ ಇತಿಹಾಸ ಎಂದೇ ನಾವು ಭಾವಿಸಿದ್ದೇವೆ. ಪರದೇಶದಲ್ಲಿ ಬಾಳಿ ಮುಪ್ಪಾದ ದಂಪತಿಗಳ ನಿತ್ಯಜೀವನವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಬೇರೊಂದು ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಲಂಡನ್ ಮಿಷನರಿ ಸೊಸೈಟಿಯ ಬೆಂಜಮಿನ್ ರೈಸ್ ಅವರು 1837ರಿಂದ 1887ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಐವತ್ತು ವರ್ಷಗಳ ಕಾಲ, ಬೆಂಗಳೂರನ್ನೇ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡಿದ್ದರು. ಬೋಧನೆ, ಶಾಲೆಗಳ ಮೇಲ್ವಿಚಾರಣೆ ಮತ್ತು ಕನ್ನಡ ಬೈಬಲಿನ ಪರಿಷ್ಕರಣ ಅವರ ಮುಖ್ಯ ಕಾರ್ಯಗಳಾಗಿದ್ದವು. ಅವರ ಪತ್ನಿ ಜೇನ್ ಪೀಚ್ ರೈಸ್ ಅವರು 1840ರ ದಶಕದ ಆರಂಭದಲ್ಲಿ ಸ್ಯೂವೆಲ್ ಅವರ ಪತ್ನಿಯೊಡನೆ ಸೇರಿ ಕನ್ನಡ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದು ರೂಢಿಯಲ್ಲಿಲ್ಲದ ಆ ಕಾಲದಲ್ಲಿ ಇದು ಸಣ್ಣ ಕಾರ್ಯವಾಗಿರಲಿಲ್ಲ. ಆದರೂ ಅಂದಿನ ಮಿಷನ್ ಪಟ್ಟಿಗಳಲ್ಲಿ ಮಿಷನರಿ ಎಂದು ಎಣಿಕೆಯಾಗುತ್ತಿದ್ದವನು ಗಂಡ ಮಾತ್ರ. ಹೆಂಡತಿಯ ದುಡಿಮೆಗೆ ಪ್ರತ್ಯೇಕ ಸಂಬಳವಿರಲಿಲ್ಲ. ಅನೇಕ ವೇಳೆ ಅವಳ ಸ್ವಂತ ಹೆಸರೂ ದಾಖಲಾಗುತ್ತಿರಲಿಲ್ಲ.

ಇಂತಹ ಮನೆಗಳ ದಿನಚರಿ ಸಾಮಾನ್ಯವಾಗಿ ಒಂದೇ ಚೌಕಟ್ಟಿನಲ್ಲಿ ಸಾಗುತ್ತಿತ್ತು. ಬಿಸಿಲೇರುವ ಮುನ್ನ ಪೇಟೆಯಲ್ಲಿ ಬೋಧನೆ, ಅನಂತರ ಶಾಲೆಗಳ ಭೇಟಿ, ಮುನ್ಷಿಯೊಡನೆ ಕನ್ನಡ ಪಾಠ, ಪತ್ರವ್ಯವಹಾರ, ಸಂಜೆ ಪ್ರಾರ್ಥನೆ ಇವು ಯಜಮಾನನ ಪಾಲಿಗೆ. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ಬಾಗಿಲಿಗೆ ಬಂದ ರೋಗಿಗಳಿಗೆ ಔಷಧ, ಮನೆಯ ಲೆಕ್ಕ, ಅತಿಥಿ ಸತ್ಕಾರ ಇವು ಜನರು ದೊರೆಸಾನಿ ಎಂದು ಕರೆಯುತ್ತಿದ್ದ ಗೃಹಿಣಿಯ ಪಾಲಿಗೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಂಡನು ಮುನ್ಷಿಯಿಂದ ಗ್ರಂಥಸ್ಥ ಕನ್ನಡವನ್ನು ಕಲಿತರೆ, ಹೆಂಡತಿಯ ಕಿವಿಗೆ ಬೀಳುತ್ತಿದ್ದುದು ಅಡುಗೆಮನೆಯ, ಅಂಗಳದ, ಶಾಲೆಯ ಮಕ್ಕಳ ಆಡುಗನ್ನಡ. ಇಂತಹ ಮನೆಯಲ್ಲಿ ಬೆಳೆಯುವ ಮಗುವಿಗೆ ಎರಡೂ ಕನ್ನಡಗಳ ಪರಿಚಯವಾಗುವುದು ಸಹಜ. ಬಿ.ಎಲ್. ರೈಸ್ ಅವರ ಶಾಸನಾಧ್ಯಯನದ ಬೇರುಗಳನ್ನು ಹುಡುಕುವಾಗ ಈ ಹಿನ್ನೆಲೆಯನ್ನು ಮರೆಯಲಾಗದು.

ಈ ಬಾಳಿಗೆ ತೆತ್ತ ಬೆಲೆಯೂ ಮನೆಯೊಳಗಿನದೇ ಆಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಆಫ್ರಿಕವನ್ನು ಬಳಸಿ ಬರುವ ಹಡಗಿನ ಪಯಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಮಕ್ಕಳನ್ನು ವಿದ್ಯಾಭ್ಯಾಸಕ್ಕೆಂದು ಸ್ವದೇಶಕ್ಕೆ ಕಳುಹಿಸಿದ ತಂದೆತಾಯಿಗಳು ಅವರನ್ನು ಮತ್ತೆ ಕಾಣಲು ವರ್ಷಗಟ್ಟಲೆ ಕಾಯಬೇಕಾಗಿತ್ತು. ಬಿ.ಎಲ್. ರೈಸ್ ಅವರೂ ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರಿಗೆ ಮರಳಿದರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರು ಪತ್ನಿ ಪೌಲೀನಾ ಅವರ ಅನಾರೋಗ್ಯದ ಕಾರಣ 1860ರಲ್ಲಿ ಕೊಡಗಿನ ಕಾರ್ಯವನ್ನು ಬಿಟ್ಟು ಜರ್ಮನಿಗೆ ಹಿಂದಿರುಗಿದರು. ಕಿಟ್ಟೆಲ್ ಅವರು 1864ರಲ್ಲಿ ಮೊದಲ ಪತ್ನಿಯನ್ನು ಕಳೆದುಕೊಂಡರು. ಆದುದರಿಂದ ದಂಪತಿಗಳಿಬ್ಬರೂ ಒಟ್ಟಿಗೆ ಮುಪ್ಪನ್ನು ಕಾಣುವುದು ಅಂದಿನ ಮಿಷನ್ ಬದುಕಿನಲ್ಲಿ ಒಂದು ಭಾಗ್ಯವೇ ಆಗಿತ್ತೆನ್ನಬಹುದು.

ಶಿವಮೊಗ್ಗದ ಸನ್ನಿವೇಶ ಬೆಂಗಳೂರಿಗಿಂತ ಕಠಿಣವಾದುದು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ ಸ್ಥಾಪಿಸಿದ ಕೇಂದ್ರಗಳಲ್ಲಿ ತುಂಗಾತೀರದ ಈ ಊರೂ ಒಂದು. ಮಲೆನಾಡಿನ ಹೆಬ್ಬಾಗಿಲಾದ ಇಲ್ಲಿಂದ ಮುಂದೆ ಕಾಡು, ಜಡಿಮಳೆ ಮತ್ತು ಮಲೇರಿಯಾ ಜ್ವರ. ಮಲೆನಾಡಿನ ಜನಸಂಖ್ಯೆಯನ್ನೇ ಕುಗ್ಗಿಸಿದ ಈ ಜ್ವರದ ಎದುರು ಕ್ವಿನೀನ್ ಇದ್ದ ಔಷಧದ ಪೆಟ್ಟಿಗೆ ಬೋಧನೆಯ ಪುಸ್ತಕದಷ್ಟೇ ಅಗತ್ಯದ ವಸ್ತುವಾಗಿತ್ತು. ದಿನಚರಿಯನ್ನು ಋತುಮಾನವೇ ನಿರ್ಧರಿಸುತ್ತಿತ್ತು: ಮಳೆಗಾಲದಲ್ಲಿ ಮನೆಯಲ್ಲಿಯೇ ಓದು ಮತ್ತು ಪಾಠ, ಮಳೆ ನಿಂತ ಮೇಲೆ ಗಾಡಿಯಲ್ಲಿ ಡೇರೆ ಹೇರಿಕೊಂಡು ಹಳ್ಳಿಗಳ ಸಂಚಾರ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುಮಾರ್ಗ ತೆರೆದ ಬಳಿಕವೇ ಎತ್ತಿನ ಗಾಡಿಯ ಅವಲಂಬನೆ ತಗ್ಗಿತು. ವೈದ್ಯಕೀಯ ಸೇವೆಯ ಅಗತ್ಯವನ್ನು ಮಿಷನ್ ಸಂಸ್ಥಾನದಾದ್ಯಂತ ಮನಗಂಡಿತೆಂಬುದಕ್ಕೆ 1906ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಸ್ಪತ್ರೆ ಸಾಕ್ಷಿಯಾಗಿದೆ. ಅದಕ್ಕೆ ಇಟ್ಟ ಹೆಸರು ಮಿಷನರಿಯೊಬ್ಬರ ಪತ್ನಿಯಾದ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರದು ಎಂಬುದು ಗಮನಾರ್ಹ.

ಭದ್ರಾವತಿಯ ಬೆಳವಣಿಗೆ ಬೇರೆ ಬಗೆಯದು. ಬೆಂಕಿಪುರವೆಂಬ ಹೆಸರಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಇದ್ದಿಲು ಅದಕ್ಕೆ ಆಧಾರ. ಕನ್ನಡಿಗರೊಡನೆ ತಮಿಳು, ತೆಲುಗು, ಮಲಯಾಳ ನುಡಿಯುವ ಕುಟುಂಬಗಳೂ ಇಲ್ಲಿಗೆ ಬಂದು ನೆಲೆಸಿದವು. ಹಳ್ಳಿಗಳ ನಡುವೆ ಮಳೆ ಮತ್ತು ಸುಗ್ಗಿಯನ್ನು ನೋಡಿ ನಡೆಯಬೇಕಾದ ಬದುಕು ಇಲ್ಲಿ ಕಾರ್ಖಾನೆಯ ಪಾಳಿಯನ್ನು ನೋಡಿ ನಡೆಯಬೇಕಾಯಿತು. ಶಿವಮೊಗ್ಗದಲ್ಲಿ ಕನ್ನಡ ಕಲಿತರೆ ಸಾಕಾಗಿದ್ದ ಧರ್ಮಸೇವಕನಿಗೆ ಇಲ್ಲಿ ಅದೊಂದೇ ಸಾಲದಾಯಿತು.

1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ನಂತರ ವಿದೇಶೀಯರ ಸಂಖ್ಯೆ ಕ್ರಮೇಣ ತಗ್ಗಿ, ಹೊಣೆಯು ಈ ನೆಲದ ಸಭಾಪಾಲಕರಿಗೂ ಅವರ ಪತ್ನಿಯರಿಗೂ ಬಂದಿತು. ಮಿಷನ್ ಕಾರ್ಯದ ಹಿಂದಿದ್ದ ಮತಪ್ರಸಾರದ ಉದ್ದೇಶವನ್ನಾಗಲಿ, ವಸಾಹತು ಆಡಳಿತದ ನೆರಳನ್ನಾಗಲಿ ಮರೆಮಾಚಬೇಕಾದುದಿಲ್ಲ. ಅವುಗಳ ವಿಮರ್ಶೆ ನಡೆದಿದೆ, ನಡೆಯಬೇಕು. ಆದರೆ ಸ್ತ್ರೀಶಿಕ್ಷಣ ಮತ್ತು ಔಷಧೋಪಚಾರಗಳಂತಹ ಫಲಗಳು ಬಹುಮಟ್ಟಿಗೆ ಗೃಹಿಣಿಯ ನಿತ್ಯದ ದುಡಿಮೆಯಿಂದ ಹುಟ್ಟಿದವು ಎಂಬುದನ್ನು ಇತಿಹಾಸಕಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. ಬೆಂಜಮಿನ್ ರೈಸ್ ಅವರ ಸ್ಮರಣೆಗೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಚರ್ಚು ನಿಂತಿದೆ. ಮಗನ ಸ್ಮರಣೆಗೆ ಶಾಸನ ಸಂಪುಟಗಳಿವೆ. ಜೇನ್ ರೈಸ್ ಅವರ ಶಾಲೆಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳನ್ನೂ ಇದೇ ಸಾಲಿನಲ್ಲಿ ಸೇರಿಸಿದಾಗಲೇ ಆ ಮನೆಯ ಇತಿಹಾಸ ಪೂರ್ಣಗೊಳ್ಳುತ್ತದೆ.